ಭಾವನ ಗಾಲ್ಫ್ ದಂಡಯಾತ್ರೆ

ನಮ್ಮ ಭಾವನಿಗೆ ಗಾಲ್ಫ್ ಬರುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಸುತರಾಂ ಒಪ್ಪುವುದಿಲ್ಲ. ಚೆಂಡು ಒಂದನ್ನು ಬಿಟ್ಟರೆ ಉಳಿದೆಲ್ಲವನ್ನೂ ಅವರು ಚೆನ್ನಾಗಿಯೇ ಹೊಡೆಯುತ್ತಿದ್ದರು: ಹುಲ್ಲು, ಮಣ್ಣು, ಒಮ್ಮೆ ತಮ್ಮದೇ ಮೊಣಕಾಲು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಭಾವ, ಎಂದರೆ ನಮ್ಮ ಅಕ್ಕನ ಯಜಮಾನರು, ಪ್ರಿನ್ಸ್‌ಟನ್ ಬಳಿಯ ಔಷಧ ಕಂಪನಿಯೊಂದರಲ್ಲಿ ಕೆಮಿಸ್ಟ್. ನಾನು ಓದುವ ನೆಪದಲ್ಲಿ ಅವರ ಬೇಸ್‌ಮೆಂಟಿನಲ್ಲಿ ಬೀಡುಬಿಟ್ಟಿದ್ದೆ. ನ್ಯೂಜೆರ್ಸಿಯ ಉಳಿದ ಕನ್ನಡಿಗರು ಹಿಂಗು, ಕರಿಬೇವು ಹುಡುಕಿಕೊಂಡು ಮ್ಯಾನ್‌ಹಟನ್‌ವರೆಗೆ ಡ್ರೈವ್ ಮಾಡುತ್ತಿದ್ದ ಆ ಕಾಲದಲ್ಲಿ ಭಾವ ಯಾರದೋ ಮನೆಯ ಹಳೇ ಸಾಮಾನಿನ ಗರಾಜ್ ಸೇಲಿನಿಂದ ಒಂದು ಚೀಲ ಗಾಲ್ಫ್ ಕೋಲುಗಳನ್ನು ಹೊತ್ತು ತಂದರು.

"ಇದು ನಮ್ಮ ಚಿನ್ನಿದಾಂಡೇ ಕಣಯ್ಯ. ಟೈ ಕಟ್ಕೊಂಡಿದೆ ಅಷ್ಟೆ," ಎಂದು ನನಗೆ ತಿಳಿಹೇಳಿದರು.

ಅಭ್ಯಾಸ ಹಿತ್ತಲಿನಲ್ಲಿ. ಅಕ್ಕನ ಮೆಂತ್ಯದ ಮಡಿ ಮೊದಲ ವಾರವೇ ಗತಿಸಿತು. ನಿಮ್ಮ ಯಜಮಾನರು ಬಾವಿ ತೋಡುತ್ತಿದ್ದಾರೆಯೇ ಎಂದು ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ವಿಚಾರಿಸಿದಳು. ಅಕ್ಕ ಕನ್ನಡದಲ್ಲಿ "ಹೌದು, ನಾನು ಬೀಳೋದಕ್ಕೆ" ಎಂದು ಹೇಳಿ, ಇಂಗ್ಲಿಷಿನಲ್ಲಿ ನಕ್ಕಳು.

ಭಾನುವಾರಗಳಂದು ಕೌಂಟಿಯ ಸಾರ್ವಜನಿಕ ಮೈದಾನಕ್ಕೆ ಸವಾರಿ. ಆಟ ಕೈಗೆ ಹತ್ತುವ ಮೊದಲೇ ಭಾವನಿಗೆ ಉಪದೇಶ ಬಾಯಿಗೆ ಹತ್ತಿತು. ಗುರುತುಪರಿಚಯವಿಲ್ಲದವರನ್ನೂ ನಿಲ್ಲಿಸಿ ಕೋಲು ಹಿಡಿಯುವ ರೀತಿ ತಿದ್ದುತ್ತಿದ್ದರು. ಅಮೆರಿಕನ್ನರು ಎಷ್ಟು ಸಭ್ಯರು ಎಂಬುದು ನನಗೆ ಗೊತ್ತಾದದ್ದು ಅಲ್ಲಿಯೇ.

ಆ ಬೇಸಿಗೆ ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ಭಾವ ನಮ್ಮ ಮೂವರಿಗೂ ಟಿಕೆಟ್ ತಂದರು: ನ್ಯೂಯಾರ್ಕ್, ಕೋಪನ್‌ಹೇಗನ್, ಬೊಂಬಾಯಿ.

"ಮಧ್ಯೆ ಇದ್ಯಾವೂರು?" ಎಂದಳು ಅಕ್ಕ.

"ಸುಮ್ನೆ, ಎರಡು ದಿನ ರೆಸ್ಟು."

"ರೆಸ್ಟಿಗೆ ಆ ಕೋಲುಗಳ ಚೀಲ ಯಾಕ್ರೀ?"

ಭಾವ ಗಂಟಲು ಸರಿಮಾಡಿಕೊಂಡರು. "ಅಲ್ಲಿಂದ ಹಡಗು ಹತ್ತಿದ್ರೆ ಸ್ವೀಡನ್. ಒಂದು ಚಾಂಪಿಯನ್‌ಶಿಪ್ ಗಾಲ್ಫ್ ಮೈದಾನ ಇದೆ ಕಣೇ. ದೊಡ್ಡದೊಡ್ಡ ಆಟಗಾರರೆಲ್ಲ ಆಡಿರೋದು."

"ಹಾಗಾದ್ರೆ ನೀವ್ಯಾಕೆ?"

ಅಂತೂ ಕೋಲುಗಳು ಬಂದವು, ನೆಂಟರಿಗೆಂದು ಕೊಂಡಿದ್ದ ನೈಲಾನ್ ಸೀರೆಗಳಲ್ಲಿ ಅರ್ಧ ಮನೆಯಲ್ಲಿ ಉಳಿದವು.

ಸ್ವೀಡನ್ನಿನ ಆ ಮೈದಾನ ಸಮುದ್ರದ ಅಂಚಿನಲ್ಲಿತ್ತು. ಬೇಸಿಗೆಯೆಂಬುದು ಅಲ್ಲಿ ಕ್ಯಾಲೆಂಡರಿನ ಅಭಿಪ್ರಾಯ ಮಾತ್ರ. ಭಾವ ಚೌಕುಳಿ ಪ್ಯಾಂಟಿನ ಜೊತೆಗೆ ಊರಿನಿಂದ ತಂದಿದ್ದ ಮಂಕಿ ಕ್ಯಾಪ್ ಧರಿಸಿ ಯುದ್ಧಸನ್ನದ್ಧರಾದರು. ಕೌಂಟರಿನ ಯುವಕ "ನಿಮ್ಮ ಹ್ಯಾಂಡಿಕ್ಯಾಪ್ ಎಷ್ಟು?" ಎಂದು ಕೇಳಿದ. ಭಾವ ತಡವರಿಸಿದರು; ಅದನ್ನು ಹೇಳದವರನ್ನು ಅಲ್ಲಿ ಆಡಲು ಬಿಡುವುದಿಲ್ಲವಂತೆ.

"ಏನೋ ಕೇಳ್ತಿರೋದು?" ಎಂದು ಅಕ್ಕ ನನ್ನನ್ನು ತಿವಿದಳು.

"ಭಾವನ ಆಟದಲ್ಲಿ ಎಷ್ಟು ಕೊರತೆ ಇದೆ ಅಂತ."

"ಬಾಯಲ್ಲಿ ಯಾಕೆ ಹೇಳ್ಬೇಕು? ಆಡೋಕೆ ಬಿಡ್ಲಿ, ಅವನಿಗೇ ಕಾಣತ್ತೆ."

ಒಬ್ಬರೇ ಆಡಲು ಬಂದಿದ್ದ ಮುದುಕರೊಬ್ಬರು, ಹಡಗಿನ ನಿವೃತ್ತ ಕ್ಯಾಪ್ಟನ್ ಅಂತೆ, "ಇವರು ನನ್ನ ಜೊತೆ ಆಡಲಿ" ಎಂದು ಮಧ್ಯೆ ಬಂದದ್ದರಿಂದ ಭಾವನ ಮಾನ ಉಳಿಯಿತು. ಭಾವನ ಮೊದಲ ಚೆಂಡು ಸಮುದ್ರಕ್ಕೆ ಹೋಯಿತು. ಎರಡನೆಯದು ಅದನ್ನು ಹುಡುಕಿಕೊಂಡು ಹೋಯಿತು. ಇಂತಹ ಶುಭಾರಂಭದ ನಂತರ ಭಾವ ಸುಮ್ಮನಿರುವುದುಂಟೇ? ಕ್ಯಾಪ್ಟನ್ ಕೋಲು ಹಿಡಿಯುವ ರೀತಿಯೇ ತಪ್ಪೆಂದು ಅವರನ್ನೂ ತಿದ್ದಿದರು. ಆ ಸಾಧುಪ್ರಾಣಿ ಹೇಳಿದಂತೆಯೇ ಹಿಡಿದು ಬೀಸಿದರು. ಅವರ ಚೆಂಡೂ ಸಮುದ್ರ ಸೇರಿತು.

"ಗಾಳಿ," ಎಂದರು ಭಾವ.

ಹೀಗೆಯೇ ಮಧ್ಯಾಹ್ನವಾಯಿತು. ಕೊನೆಗೆ ಒಂದು ದಿಬ್ಬದ ಮೇಲೆ ನಿಂತು ಭಾವ ಕೋಲು ಬೀಸಿದಾಗ ಹಿಂದೆಂದೂ ಕೇಳದ ಸದ್ದೊಂದು ಕೇಳಿಸಿತು. ಚೆಂಡು ಗಾಳಿಯನ್ನು ಸೀಳಿಕೊಂಡು ಮೇಲೇರಿ, ದೂರದ ಗುಳಿಯ ಬಾವುಟದ ಪಕ್ಕದಲ್ಲೇ ಇಳಿದು ನಿಂತಿತು. ಕ್ಯಾಪ್ಟನ್ ಟೋಪಿ ತೆಗೆದರು. ಭಾವ ಚೆಂಡು ಹೋದ ದಿಕ್ಕನ್ನೇ ನೋಡುತ್ತಾ ನಿಂತುಬಿಟ್ಟರು.

ನಾನು ಏನೋ ಕುಹಕವಾಡಲು ಬಾಯಿ ತೆರೆದೆ. ಅಕ್ಕ ತೋಳು ಚಿವುಟಿದಳು.

"ಸುಮ್ನಿರೋ. ಆಫೀಸಿನವರೆಲ್ಲ ಆಡೋ ಕ್ಲಬ್ಬಿಗೆ ಸೇರಿಸ್ಕೊಳ್ಳಿ ಅಂತ ಇವರು ಎಷ್ಟು ಸಲ ಕೇಳಿದಾರೆ ಗೊತ್ತಾ? ಪ್ರತಿ ಸಲಾನೂ ಜಾಗ ಇಲ್ಲ. ಇವರ ಕೈಕೆಳಗೆ ಹೊಸದಾಗಿ ಸೇರಿದ ಬಿಳಿ ಹುಡುಗನಿಗೆ ಬಂದ ತಿಂಗಳೇ ಜಾಗ ಸಿಕ್ತು. ಅವತ್ತು ಮನೆಗೆ ಬಂದು, 'ನಾನಿನ್ನೂ ಸರಿಯಾಗಿ ಕಲೀಬೇಕು ಕಣೇ' ಅಂದ್ರು."

ನಾನು ಹೋಗಿ ಭಾವನ ಕೋಲುಗಳ ಚೀಲವನ್ನು ಹೆಗಲಿಗೇರಿಸಿಕೊಂಡೆ.

ಆಟ ಮುಗಿದಾಗ ಕ್ಯಾಪ್ಟನ್ ಭಾವನ ಕೈ ಹಿಡಿದು, "ನಾಳೆ ಬೆಳಿಗ್ಗೆಯೂ ಬನ್ನಿ. ನನಗೂ ಜೊತೆಯಿಲ್ಲ," ಎಂದರು. ನಾಳೆ ನಮ್ಮ ವಿಮಾನವಿದೆ ಎಂದು ಭಾವ ಮೆಲ್ಲಗೆ ಹೇಳಿದರು.

"ಮದುವೆಗೆ ಇನ್ನೂ ಸಮಯ ಇದೆ," ಎಂದಳು ಅಕ್ಕ. "ಟಿಕೆಟ್ ಒಂದು ದಿನ ಮುಂದಕ್ಕೆ ಹಾಕ್ಸಿ."

ಭಾವ ಅವಳನ್ನೇ ನೋಡಿದರು. "ಈ ಚಳಿ ಗಾಳೀಲಿ ನೀನೇನು ಮಾಡ್ತೀಯೇ?"

ಅಕ್ಕ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು.

"ನೀವು ಆಡೋದು ನೋಡ್ತೀನಿ," ಎಂದಳು.