ಮೂವತ್ತೇಳನೇ ಗೂಡು

ಮರೆಗುಳಿಗಳು ಸಾಮಾನ್ಯವಾಗಿ ನೆಮ್ಮದಿಯ ಜನ. ತಾವು ಮರೆತಿದ್ದೇವೆಂಬುದೇ ಅವರಿಗೆ ಗೊತ್ತಿರುವುದಿಲ್ಲ. ನನ್ನದು ಬೇರೆ ಜಾತಿ. ಎಲ್ಲಿ ಮರೆತುಬಿಡುತ್ತೇನೋ ಎಂದು ಎರಡು ದಿನ ಮೊದಲೇ ಗಾಬರಿಯಾಗುತ್ತೇನೆ. ಆ ಗಾಬರಿಯಲ್ಲಿ ಮರೆಯುತ್ತೇನೆ. ರಾಜಾಜಿನಗರಕ್ಕೆ ಬಂದ ಮೇಲಂತೂ ಇದು ಇನ್ನೂ ಜಾಸ್ತಿಯಾಯಿತು. ಹೊಸ ಬಡಾವಣೆ, ಮನೆಗಳೆಲ್ಲ ಒಂದೇ ಅಚ್ಚಿನವು. ಒಂದು ಸಂಜೆ ಹಿಂದಿನ ಸಾಲಿನ ಯಾರದೋ ಮನೆಗೆ ನುಗ್ಗಿ, ಕೋಟು ಬಿಚ್ಚಿ ಗೂಟಕ್ಕೆ ತಗುಲಿಸಿ, ಕುರ್ಚಿಯಲ್ಲಿ ಕೂತು ಕಾಫಿ ಕೇಳಿದ್ದೇನೆ. ಆ ಮನೆಯಾಕೆ ತಂದೂ ಕೊಟ್ಟರು. ಕಾಫಿ ಚೆನ್ನಾಗಿತ್ತು, ನನ್ನ ಮನೆಯಲ್ಲವೆಂದು ಗೊತ್ತಾದದ್ದೇ ಆಗ.

ಹೀಗಿರುವಾಗ ನನ್ನ ಹೆಂಡತಿ ಪದ್ಮಳ ತಮ್ಮ ಸೀತಾರಾಮು ಕಲಕತ್ತೆಗೆ ಹೋಗಿ, ಕಂಪ್ಯೂಟರೆಂಬ ಲೆಕ್ಕದ ಯಂತ್ರವನ್ನು ನೋಡಿಕೊಂಡು ಬಂದ. ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಎಲೆಯ ಮುಂದೆ ಕೂತರೂ ಪಾಠ ನಿಲ್ಲಿಸುವವನಲ್ಲ. "ಅದಕ್ಕೆ ಜ್ಞಾಪಕಶಕ್ತಿ ಇದೆ ಭಾವ" ಎಂದ. ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಕಬ್ಬಿಣದ ಪೆಟ್ಟಿಗೆಗೆ ಕೂಡ ಇದೆ, ನನಗಿಲ್ಲ.

"ಏನೂ ಮಾಯ ಅಲ್ಲ ಭಾವ, ನಿಮ್ಮ ಬಡಾವಣೆ ಇದ್ದ ಹಾಗೆ. ಸಾಲು ಸಾಲು ಮನೆ, ಒಂದೊಂದಕ್ಕೂ ಒಂದು ನಂಬರು. ಒಂದು ಮನೇಲಿ ಒಂದೇ ಅಂಕಿ ವಾಸ. ಒಳಗೆ ಯಾರಿದಾರೆ ಅಂತ ಯಂತ್ರಕ್ಕೆ ಗೊತ್ತಿರಲ್ಲ, ಮನೆ ನಂಬರು ಗೊತ್ತು, ಅಷ್ಟೆ. ಬೇಕಾದಾಗ ಹೋಗಿ ಕಿಟಕೀಲಿ ಇಣುಕಿ ನೋಡ್ಕೊಂಡು ಬರತ್ತೆ. ನೋಡಿದ್ರೆ ಅಂಕಿ ಎಲ್ಲೂ ಹೋಗಲ್ಲ, ಅಲ್ಲೇ ಇರತ್ತೆ."

"ಇನ್ನೊಂದು ಅಂಕಿ ಬಂದರೆ?"

"ಹಳೇ ಬಾಡಿಗೆದಾರನ್ನ ಹೊರಗೆ ಹಾಕೋದೇ. ಅವನ ಗುರುತೂ ಉಳಿಯಲ್ಲ."

ಸಾಮಾನು ಕಟ್ಟಿಕೊಳ್ಳುವಷ್ಟು ಪುರಸೊತ್ತೂ ಇಲ್ಲವಂತೆ. ಕೆಲವು ಮನೆಗಳಲ್ಲಿ ಅಂಕಿಯ ಬದಲು ಬೇರೊಂದು ಮನೆಯ ನಂಬರನ್ನೇ ಇಟ್ಟಿರುತ್ತಾರೆ; ಯಂತ್ರ ಅದನ್ನು ನೋಡಿ ಆ ಮನೆಗೆ ಹೋಗುತ್ತದೆ. ಇನ್ನು ಕೆಲವು ಯಂತ್ರಗಳಲ್ಲಿ ಪಾದರಸದ ಕೊಳವೆಯೇ ಜ್ಞಾಪಕ. ಒಂದು ತುದಿಯಲ್ಲಿ ವಿಷಯವನ್ನು ಸದ್ದು ಮಾಡಿ ಬಿಡಬೇಕು, ಇನ್ನೊಂದು ತುದಿಗೆ ಬಂದದ್ದನ್ನು ಹಿಡಿದು ಮತ್ತೆ ಈ ತುದಿಗೆ ಬಿಡಬೇಕು, ಹೀಗೆ ಸುತ್ತಿಸುತ್ತಲೇ ಇರಬೇಕು. ಕರೆಂಟು ಹೋಯಿತೋ, ಸಕಲವೂ ಮರೆತುಹೋಯಿತು.

"ನಿಮ್ಮ ಭಾವನೇ ಕಣೋ ಅದು!" ಎಂದಳು ಪದ್ಮ, ಹುಳಿ ಬಡಿಸುತ್ತ. "ಧನಿಯಾ, ಮೆಂತ್ಯ, ಬೆಲ್ಲ, ಧನಿಯಾ, ಮೆಂತ್ಯ, ಬೆಲ್ಲ ಅಂತ ಗೊಣಗ್ತಾ ಅಂಗಡೀಗೆ ಹೋಗ್ತಾರೆ. ದಾರೀಲಿ ಯಾರಾದ್ರೂ 'ಏನ್ ಸಾರ್, ಚೆನ್ನಾಗಿದೀರಾ' ಅಂದ್ರೆ ಮುಗೀತು. ಬೂದುಗುಂಬಳಕಾಯಿ ಹೊತ್ಕೊಂಡು ಬರ್ತಾರೆ."

ಈ ಅವಮಾನವೇ ನನ್ನನ್ನು ವಿಜ್ಞಾನಕ್ಕೆ ದೂಡಿತು. ನಮ್ಮ ಆಫೀಸಿನವರು ಹೊರಗೆ ಹಾಕಿದ್ದ ಒಂದು ಹಳೆಯ ಕಪಾಟನ್ನು, ಟಪಾಲು ವಿಂಗಡಿಸುವ ಪುಟ್ಟ ಪುಟ್ಟ ಗೂಡುಗಳದ್ದು, ಎತ್ತಿನ ಗಾಡಿಯಲ್ಲಿ ಮನೆಗೆ ತಂದೆ. ನಲವತ್ತೆಂಟು ಗೂಡು, ನಲವತ್ತೆಂಟು ನಂಬರು. ಮನೆಯ ಕಾಗದಪತ್ರವೆಲ್ಲ ಒಂದೇ ಬಣ್ಣದ ಲಕೋಟೆಗಳಲ್ಲಿ ಒಳಗೆ ಹೋಯಿತು. ಲಕೋಟೆಯ ಮೇಲೆ ಹೆಸರಿಲ್ಲ. ಯಂತ್ರ ಹೆಸರು ಕೇಳುವುದಿಲ್ಲವಲ್ಲ. ಮಗಳು ಕಮಲೆಯ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿಗೆ ಮೂವತ್ತೇಳನೇ ಗೂಡು ಸಿಕ್ಕಿತು. ಅವಳಿಗೆ ಮೇಡಂ ಆಗುವ ಆಸೆ. ಟೀಚರ್ಸ್ ಟ್ರೈನಿಂಗಿಗೆ ಅರ್ಜಿ ಹಾಕಿದ್ದಳು, ಇಂಟರ್‌ವ್ಯೂಗೆ ಕರೆಯೂ ಬಂತು. ಮೂಲ ಸರ್ಟಿಫಿಕೇಟು ತರದವರನ್ನು ಒಳಗೆ ಬಿಡುವುದಿಲ್ಲವೆಂದು ಅದರ ಕೊನೆಯಲ್ಲಿ ಬರೆದಿದ್ದರು.

ಆ ಒಂದು ಸಾಲು ಓದಿದ್ದೇ ತಡ, ಮೂವತ್ತೇಳರ ಮೇಲೆ ನನಗೆ ಅನುಮಾನ ಬಂತು. ಕಿಟಕಿಯ ಪಕ್ಕದ ಗೂಡು, ಮಳೆ ಎರಚಿದರೆ? ಸರ್ಟಿಫಿಕೇಟನ್ನು ಹನ್ನೆರಡಕ್ಕೆ ಸಾಗಿಸಿ, ಮೂವತ್ತೇಳರಲ್ಲಿ 'ಹನ್ನೆರಡು ನೋಡು' ಎಂದು ಚೀಟಿ ಇಟ್ಟೆ. ಹನ್ನೆರಡರ ಹಿಂದೆ ಗೆದ್ದಲು ಕಂಡ ಹಾಗಾಯಿತು. ಅಲ್ಲೊಂದು ಚೀಟಿ ಇಟ್ಟು ಇಪ್ಪತ್ತೊಂಬತ್ತಕ್ಕೆ. ಅಲ್ಲಿ ಜಿರಳೆ. ಎಂಟಕ್ಕೆ. ಮೊದಲಿನ ಜಾಗವೇ ವಾಸಿ ಅನ್ನಿಸಿತು. ಮತ್ತೆ ಮೂವತ್ತೇಳಕ್ಕೆ.

ಇಂಟರ್‌ವ್ಯೂ ದಿನ ಬೆಳಿಗ್ಗೆ ಎಂಟಕ್ಕೇ ಸ್ನಾನ ಮಾಡಿ, ಕಪಾಟಿನ ಮುಂದೆ ನಿಂತು ಮೂವತ್ತೇಳಕ್ಕೆ ಕೈ ಹಾಕಿದೆ. 'ಹನ್ನೆರಡು ನೋಡು.' ಹನ್ನೆರಡರಲ್ಲಿ 'ಇಪ್ಪತ್ತೊಂಬತ್ತು ನೋಡು.' ಅಲ್ಲಿ 'ಎಂಟು ನೋಡು.' ಎಂಟರಲ್ಲಿ 'ಮೂವತ್ತೇಳು ನೋಡು.' ಹೀಗೆ ಎಷ್ಟು ಪ್ರದಕ್ಷಿಣೆ ಹಾಕಿದೆನೋ! ಸರ್ಟಿಫಿಕೇಟು ಮೂವತ್ತೇಳಕ್ಕೆ ವಾಪಸು ಬಂದಾಗ ಹಳೆಯ ಚೀಟಿಯನ್ನು, ಅಂದರೆ ಹಳೆಯ ಬಾಡಿಗೆದಾರನನ್ನು, ನಾನು ಹೊರಗೆ ಹಾಕಿರಲಿಲ್ಲ. ಅವನು ಅಲ್ಲೇ ಕೂತು ನನಗೆ ದಾರಿ ತೋರಿಸುತ್ತಿದ್ದ. ಅದು ಸರಿ, ಸರ್ಟಿಫಿಕೇಟು ಎಲ್ಲಿ? ನಲವತ್ತೆಂಟು ಗೂಡುಗಳ ಲಕೋಟೆಗಳನ್ನೂ ನೆಲಕ್ಕೆ ಸುರಿದೆ. ಗಡಿಯಾರ ಒಂಬತ್ತು ಹೊಡೆಯಿತು. "ಕಮಲಾ, ಧೈರ್ಯ ಬಿಡಬೇಡಮ್ಮ, ಸಿಗತ್ತೆ!" ಎಂದು ಒಳಗಿನ ಕೋಣೆಯತ್ತ ಕೂಗಿದೆ.

ಪದ್ಮ ಕಾಫಿ ಹಿಡಿದು ಬಾಗಿಲಲ್ಲಿ ನಿಂತಳು. "ಏನ್ರೀ ಇದು ಅವತಾರ?"

"ಸರ್ಟಿಫಿಕೇಟು ಕಣೇ! ಕೂಸಿನ ಬಾಳು ಹಾಳುಮಾಡಿಬಿಟ್ಟೆ."

"ಅದನ್ನ ಹೋದ ಶುಕ್ರವಾರ ನನ್ನ ಕೈಗೇ ಕೊಟ್ರಲ್ಲ."

"ನಾನೇ?"

"ಇನ್ಯಾರು? 'ಈ ಗೂಡು ಒಂದನ್ನೂ ನಂಬೋ ಹಾಗಿಲ್ಲ, ನೀನೇ ಇಟ್ಕೋ. ಆಮೇಲೆ ನಾನೇ ಬಂದು ಕೇಳಿದ್ರೂ ಕೊಡಬೇಡ' ಅಂದ್ರಿ. ಕೊಡಲಿಲ್ಲ."

"ಮತ್ತೆ ಕಮಲ?"

"ಅವಳಿಗೆ ಕೊಡಬೇಡ ಅಂದಿರಲಿಲ್ವಲ್ಲ. ತಗೊಂಡು ಎಂಟೂವರೆ ಬಸ್ಸಿಗೇ ಹೋದ್ಲು. ನಮಸ್ಕಾರ ಮಾಡೋಕೆ ಬಂದ್ಲು, ಎರಡು ಸಲ ಅಪ್ಪಾ ಅಂದ್ಲು. ನೀವು ಎಂಟು, ಮೂವತ್ತೇಳು, ಹನ್ನೆರಡು ಅಂತ ಜಪ ಮಾಡ್ತಾ ಇದ್ರಿ. ಪಾಪ, ನಿಮ್ಮ ಬೆನ್ನಿಗೇ ನಮಸ್ಕಾರ ಮಾಡಿ ಹೊರಟ್ಲು."

ಅಷ್ಟು ಹೊತ್ತೂ ನಾನು ಧೈರ್ಯ ಹೇಳಿದ್ದು ಖಾಲಿ ಕೋಣೆಗೆ. ಕಾಫಿ ಕುಡಿದೆ. ನಮ್ಮ ಮನೆಯದೇ, ಸಂಶಯವಿಲ್ಲ.

ಬೆನ್ನಿಗೆ ಮಾಡಿದ ನಮಸ್ಕಾರವೂ ಫಲಿಸುತ್ತದೆಂದು ಕಾಣುತ್ತದೆ. ಕಮಲೆಗೆ ಸೀಟು ಸಿಕ್ಕಿತು. ಕಪಾಟು ಈಗ ಅಡಿಗೆಮನೆ ಸೇರಿದೆ. ಮೂವತ್ತೇಳರಲ್ಲಿ ಮೆಂತ್ಯ ಇದೆಯಂತೆ. ನಂಬರನ್ನು ಪದ್ಮ ಒಂದು ದಿನವೂ ನೋಡಿದವಳಲ್ಲ. ಸೀಟಿನ ಕಾಗದ ಬಂದ ದಿನ ನನಗೂ ತೋರಿಸಿದರು. ನಾನು ಓದಿ ಮುಗಿಸುವವರೆಗೆ ತಾಯಿ ಒಂದು ಮೂಲೆ, ಮಗಳು ಇನ್ನೊಂದು ಮೂಲೆ ಹಿಡಿದುಕೊಂಡೇ ನಿಂತಿದ್ದರು. ಕಿಟಕಿಯಲ್ಲಿ ಇಣುಕಿ ನೋಡಲು ನನಗೆ ಈಗಲೂ ಅಡ್ಡಿಯಿಲ್ಲ. ಕೈ ಮಾತ್ರ ಹಿಂದಕ್ಕೆ ಕಟ್ಟಿಕೊಂಡಿರಬೇಕು.