ಮುಂದಿನ ಸಾಲಿನ ಸೀಟು

ನಮ್ಮ ಚಿಕ್ಕಪ್ಪನಿಗೆ ವಿಮಾನ ಹತ್ತಿ ಎಲ್ಲಿಗೂ ಹೋಗಬೇಕಾಗಿಲ್ಲ, ಹತ್ತಿದರೆ ಸಾಕು! ವಿಜಯನಗರದ ಪ್ಲೈವುಡ್ ಅಂಗಡಿಯನ್ನು ಮಗಳಿಗೆ ಒಪ್ಪಿಸಿದ ಮೇಲೆ, ಒಂದು ದುಬಾರಿ ವಿಮಾನ ಕಂಪನಿಯ ಪಾಯಿಂಟು ಕೂಡಿಹಾಕುವುದೇ ಅವರ ಉದ್ಯೋಗ. ಹಾರಿದಷ್ಟೂ ಪಾಯಿಂಟು, ಪಾಯಿಂಟು ಸಾಕಷ್ಟಾದರೆ ಬಿಟ್ಟಿ ಟಿಕೆಟ್ಟು. ಕೂತಲ್ಲಿ ಕೂರುವುದಿಲ್ಲ. ಸೊಪ್ಪು ಬಿಡಿಸುವಾಗಲೂ ನಡುವೆ ಎದ್ದು ಫೋನು ನೋಡುತ್ತಾರೆ. ಪಾಯಿಂಟಿಗೂ ಗಡುವಿದೆಯಂತೆ, ಬಳಸದಿದ್ದರೆ ಹಾಲಿನಂತೆ ಕೆಡುತ್ತದಂತೆ!

ಒಮ್ಮೆ ಮಂಗಳೂರಿನಲ್ಲಿ ನೆಂಟರ ಮದುವೆ. ನಾವೆಲ್ಲ ಬಸ್ಸಿನಲ್ಲಿ ಹೋದೆವು. ಚಿಕ್ಕಪ್ಪ ಮಾತ್ರ ಹೆಚ್ಚು ಪಾಯಿಂಟಿನ ಆಸೆಗೆ ಮುಂಬೈ ಸುತ್ತಿಕೊಂಡು ಬಂದರು. ಮುಹೂರ್ತ ಹತ್ತಕ್ಕೆ, ಇವರು ಪ್ರತ್ಯಕ್ಷವಾದದ್ದು ನಾಲ್ಕಕ್ಕೆ, ಶಾಮಿಯಾನ ಬಿಚ್ಚುವವರ ನಡುವೆ.

"ಧಾರೆನೇ ತಪ್ಪಿಹೋಯ್ತಲ್ಲ ಚಿಕ್ಕಪ್ಪ!" ಎಂದೆ.

"ಹೋದ್ರೆ ಹೋಯ್ತು ಬಿಡೋ. ಎರಡು ವಿಮಾನದಲ್ಲೂ ಊಟ ಹಾಕಿದ್ರು!"

ಇನ್ನು ಲೌಂಜಿನ ಕಥೆ ಕೇಳಿ. ಪಾಯಿಂಟು ಬೆಳೆದವರಿಗೆ ವಿಮಾನ ನಿಲ್ದಾಣದಲ್ಲಿ ಬಿಟ್ಟಿ ತಿಂಡಿ ಕೊಡುವ ಕೋಣೆ ಅದು. ಚಿಕ್ಕಮ್ಮನನ್ನು ಐದು ಗಂಟೆ ಮೊದಲೇ ಹೊರಡಿಸಿ, ಟ್ರಾಫಿಕ್ಕಿನಲ್ಲಿ ಬೇಯಿಸಿ, ಅಲ್ಲಿಗೆ ಕರೆದೊಯ್ದರೆ ತಟ್ಟೆಯಲ್ಲಿ ಬಂದದ್ದೇನು? ಇಡ್ಲಿ!

"ರೀ, ಇದು ನಮ್ಮನೆ ಎದುರು ಹೋಟ್ಲಲ್ಲೇ ಸಿಗ್ತಿತ್ತಲ್ರೀ?"

"ಸಿಗುತ್ತೆ ಕಣೇ. ಅಲ್ಲಿ ನಿನ್ನ ಯಾರು ಮೇಡಂ ಅಂತಾರೆ?"

ಇಷ್ಟೆಲ್ಲ ಅಲೆದಾಟ ಯಾಕೆಂದರೆ, ಸಿಂಗಪುರಕ್ಕೆ ಬಿಸಿನೆಸ್ ಕ್ಲಾಸಿನಲ್ಲಿ ಕಾಲು ಚಾಚಿ ಮಲಗಿಕೊಂಡು ಹೋಗಬೇಕಂತೆ. ಮನೆಯ ಹಾಸಿಗೆಯಲ್ಲೇ ಹತ್ತು ನಿಮಿಷ ಮಲಗದ ಮನುಷ್ಯ!

ಹೋದ ಆಷಾಢದಲ್ಲಿ ಪಾಯಿಂಟು ಸಿಂಗಪುರದ ಹತ್ತಿರ ಬಂದಿತ್ತು. ಅಷ್ಟರಲ್ಲಿ ಅವರ ಮಹಡಿಯ ಬಾಡಿಗೆ ಮನೆಯ ಶಿವಲೀಲಾ ಅಳುತ್ತಾ ಇಳಿದು ಬಂದಳು. ಕಲಬುರ್ಗಿ ಕಡೆಯವಳು, ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಸೇತುವೆ ಕಟ್ಟಲು ಗುವಾಹಟಿಗೆ ಹೋಗಿದ್ದ ಅವಳ ಗಂಡ ಮೇಲಿನಿಂದ ಬಿದ್ದು, ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದ. ರೈಲಿನಲ್ಲಾದರೆ ಮೂರು ದಿನ.

ಚಿಕ್ಕಪ್ಪ ಫೋನು ತೆಗೆದರು. ಹತ್ತು ನಿಮಿಷದಲ್ಲಿ ಟಿಕೆಟ್ಟಾಯಿತು, ಬಿಸಿನೆಸ್ ಕ್ಲಾಸಿನ ಮೊದಲ ಸಾಲು. ಪಾಯಿಂಟೆಲ್ಲ ಖಾಲಿ. ಅವರೇ ವಿಮಾನ ನಿಲ್ದಾಣದವರೆಗೂ ಹೋಗಿ ಬಿಟ್ಟು ಬಂದರು.

ನಾನು ಮೆಲ್ಲಗೆ ಕೇಳಿದೆ. "ಹಿಂದಿನ ಸೀಟು ಸಾಕಾಗ್ತಿತ್ತಲ್ವಾ ಚಿಕ್ಕಪ್ಪ? ಅರ್ಧ ಪಾಯಿಂಟು ಉಳೀತಿತ್ತು."

"ಮೊದಲ್ನೇ ಸಲ ಕಣೋ, ಒಬ್ಳೇ ಹೋಗ್ತಿದಾಳೆ. ಮುಂದೆ ಕೂತಿದ್ರೆ ಎಲ್ಲರಿಗಿಂತ ಮುಂಚೆ ಇಳೀಬೋದು."

ಮರುದಿನ ಮಧ್ಯಾಹ್ನ ಅವಳ ಫೋನು ಬಂತು. "ಕಾಕಾ, ಕಣ್ಣ ತೆರದಾರ್ರೀ. ನನ್ನ ಗುರ್ತ ಹಿಡದ್ರು."

ಚಿಕ್ಕಪ್ಪ ಫೋನನ್ನು ಚಿಕ್ಕಮ್ಮನ ಕೈಗಿಟ್ಟು, ಬಚ್ಚಲಿಗೆ ಹೋಗಿ, ಹೊರಗೆ ಏನೂ ಕೇಳಿಸಬಾರದೆಂದು ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡರು.