ಉಪ್ಪಿನಕಂಬದ ಬೇಹುಗಾರ

"ಅಮ್ಮ, ಉಪ್ಪಿನಕಂಬಕ್ಕೆ ನನ್ನ ಚಡ್ಡಿ ವಿಷಯ ಹೇಗೆ ಗೊತ್ತಾಯ್ತು?"

ಬ್ರೆಡ್ಡಿನ ಅಂಚು ಕಚ್ಚುತ್ತಾ ಐದು ವರ್ಷದ ಮಗಳು ಕೇಳಿದ ಈ ಪ್ರಶ್ನೆಗೆ ತಾಯಿಯ ಕೈಯಲ್ಲಿದ್ದ ಹಾಲಿನ ಪಾತ್ರೆ ಗಾಳಿಯಲ್ಲೇ ನಿಂತುಬಿಟ್ಟಿತು. ಮೇಜಿನಾಚೆ ಕೂತಿದ್ದ ಗಂಡ ಆಗಷ್ಟೇ ಮೊಬೈಲಿನಲ್ಲಿ ಉಪ್ಪಿನಕಂಬ ಎಂಬವರ ಬ್ಲಾಗು ತೆರೆದು ಓದಿ ಹೇಳಿದ್ದ ಸಾಲು ಇದು: "ಬಾಯಿಗೆ ಬಂದ ಹಾಗೆ ಮಾಡುವ ಪ್ರಾರ್ಥನೆಯೆಂದರೆ, ಫ್ರಾಕಿನ ಮೇಲೆ ಚಡ್ಡಿ ಹಾಕಿಕೊಂಡು ಚರ್ಚಿಗೆ ಹೊರಟ ಮಗುವಿನ ಹಾಗೆ. ಉತ್ಸಾಹಕ್ಕೇನೂ ಕಡಿಮೆಯಿಲ್ಲ, ಕ್ರಮದ್ದು ಮಾತ್ರ ಪತ್ತೆಯಿಲ್ಲ."

ಹೋದ ಭಾನುವಾರ ಮಗಳು ಹೊರಟಿದ್ದು ಥೇಟ್ ಹಾಗೆಯೇ. ಆದರೆ ಹೊಸಿಲು ದಾಟುವ ಮೊದಲೇ ಹಿಡಿದು, ಎಳೆದು, ಸರಿಪಡಿಸಿ ಆಗಿತ್ತು. ಕಂಡವರು ಮನೆಯವರು ಮಾತ್ರ. ಹಾಗಿದ್ದರೆ ಈ ಚಡ್ಡಿ ಇಂಟರ್ನೆಟ್ಟಿಗೆ ಏರಿದ್ದು ಹೇಗೆ?

ಈ ತಾಯಿಗೆ ಬ್ಲಾಗ್ ಲೋಕದಲ್ಲಿ ಸಾಸಿವೆ ಎಂದು ಹೆಸರು. ಮಗಳು ಶಾಲೆಗೆ ಹೋದ ಹೊತ್ತಿನಲ್ಲಿ, ಒಗೆದ ಬಟ್ಟೆಯ ರಾಶಿಯ ಪಕ್ಕ ಕೂತು, ವಿಶ್ವಾಸದ ಬಗ್ಗೆ, ಸಂಸಾರದ ಬಗ್ಗೆ ಬರೆಯುತ್ತಿದ್ದಳು. ಅವಳಂತೆಯೇ ಬರೆಯುವ ಕ್ರೈಸ್ತ ಬ್ಲಾಗಿಗರದ್ದೊಂದು ಬಳಗವಿತ್ತು. ಒಬ್ಬರ ಮುಖ ಒಬ್ಬರು ಕಂಡವರಲ್ಲ, ಜಗಳಕ್ಕೆ ಮಾತ್ರ ಕೊರತೆಯಿರಲಿಲ್ಲ. ಆ ಜಗಳಕ್ಕೂ ಒಂದು ಮರ್ಯಾದೆಯಿತ್ತು: ಎದುರಾಳಿಯ ಮಾತನ್ನು ಖಂಡಿಸುವ ಮೊದಲು ಅದನ್ನು ಅವರಿಗಿಂತ ಚೆನ್ನಾಗಿ ಹೇಳಿ ತೋರಿಸಬೇಕು. "ಹೌದು, ನಾನು ಹೇಳಿದ್ದು ಇದೇ" ಎಂದು ಅವರು ಒಪ್ಪಿದ ಮೇಲಷ್ಟೇ ತಿವಿಯಲು ಪರವಾನಗಿ.

ಸಾಸಿವೆಯ ಆಸ್ಥಾನ ವೈರಿ ಉಪ್ಪಿನಕಂಬ. ಹಿಂದಿರುಗಿ ನೋಡಿ ಉಪ್ಪಿನ ಕಂಬವಾದ ಬೈಬಲಿನ ಲೋಟನ ಹೆಂಡತಿಯ ನೆನಪಿಗೆ, ತನಗೂ ಹಳೆಯದೇ ಚೆಂದ ಎಂದು ಇಟ್ಟುಕೊಂಡ ಹೆಸರಂತೆ. ಪ್ರತಿ ಬರಹದ ಕೊನೆಗೆ "ಹಿಂದಿರುಗಿ ನೋಡಿದ್ದಕ್ಕೆ ಕ್ಷಮೆಯಿರಲಿ" ಎಂಬ ಸಹಿ. ಈ ಸಲದ ವಾದ ಪ್ರಾರ್ಥನೆಯದು. ಪುಸ್ತಕದಲ್ಲಿರುವುದನ್ನು ಓದಬೇಕೋ, ಸ್ವಂತ ಮಾತಿನಲ್ಲಿ ಹೇಳಬೇಕೋ? ದೇವರೇನು ಪರೀಕ್ಷಾಧಿಕಾರಿಯೇ ಬಾಯಿಪಾಠ ಒಪ್ಪಿಸುವುದಕ್ಕೆ ಎಂದು ಸಾಸಿವೆ ಬರೆದರೆ, ದೇವರೇನು ಬಸ್ ಕಂಡಕ್ಟರೇ ತೋಚಿದ ಕಡೆ ನಿಲ್ಲಿಸು ಎಂದು ಕೂಗುವುದಕ್ಕೆ ಎಂದು ಉಪ್ಪಿನಕಂಬ. ಬಳಗವೆಲ್ಲ ಸುತ್ತ ಕೂತು ಚಪ್ಪಾಳೆ ತಟ್ಟುತ್ತಿತ್ತು. ಇತ್ತೀಚೆಗಂತೂ ಉಪ್ಪಿನಕಂಬದ ಅಕ್ಷರಗಳು ದಿನದಿಂದ ದಿನಕ್ಕೆ ದೊಡ್ಡವಾಗುತ್ತಾ ಸಿನಿಮಾ ಪೋಸ್ಟರಿನ ಗಾತ್ರಕ್ಕೆ ಬಂದಿದ್ದವು.

"ನೋಡಿ, ಹೇಗೆ ಗದರಿಸ್ತಾ ಇದ್ದಾರೆ" ಎಂದಳು ಸಾಸಿವೆ.

ಗಂಡನದು ಕನ್ನಡಕದ ಅಂಗಡಿ. "ದೊಡ್ಡ ಅಕ್ಷರದವರೆಲ್ಲ ನನ್ನ ಗಿರಾಕಿಗಳು ಕಣೇ" ಎಂದು ನಕ್ಕು ಟೀ ಹೀರಿದ. ಆ ನಗುವೇ ಸಾಸಿವೆಗೆ ಸಂಶಯ ತಂದಿತು.

ಇಷ್ಟೇ ಆಗಿದ್ದರೆ ಚಡ್ಡಿ ಹೋಯಿತು ಎಂದು ಬಿಡಬಹುದಿತ್ತು. ಆದರೆ ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ತಾಯಂದಿರ ಕೂಟದಲ್ಲಿ ಸಾಸಿವೆಯ ಭಾಷಣವಿತ್ತು. ವಿಷಯ: ಗದ್ದಲವಿಲ್ಲದ ಮನೆ. ಬ್ಲಾಗ್ ಓದಿ ಮೆಚ್ಚಿ ಪಾಸ್ಟರೇ ಕರೆದಿದ್ದರು. "ನಮ್ಮಲ್ಲಿ ಬೆಳಗಾಗುವುದು ಮೌನದಲ್ಲಿ" ಎಂದು ಅವಳು ಬರೆದದ್ದು ನಿಜ. ಅವರಲ್ಲಿ ಬೆಳಗಾಗುತ್ತಿದ್ದದ್ದು "ಸಾಕ್ಸ್ ಎಲ್ಲೇ?" ಎಂಬ ಕೂಗಿನಲ್ಲಿ ಎಂಬುದೂ ನಿಜ. ಚಡ್ಡಿ ಹೊರಬಿದ್ದ ದಾರಿಯಲ್ಲೇ ಆ ಕೂಗೂ ಹೊರಬಿದ್ದರೆ, ಕೂಟದ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು?

"ಭಾನುವಾರದೊಳಗೆ ಆ ಬೇಹುಗಾರನನ್ನ ಹಿಡೀದೇ ಇದ್ರೆ ನನ್ನ ಹೆಸರು ಸಾಸಿವೆಯೇ ಅಲ್ಲ" ಎಂದು ಘೋಷಿಸಿದಳು.

"ನಿನ್ನ ಹೆಸರು ಸಾಸಿವೆ ಅಲ್ಲವೇ ಅಲ್ಲ" ಎಂದ ಗಂಡ.

ಅನುಮಾನಿತರು ಮೂವರು. ಮೊದಲನೆಯವನು ಈ ಗಂಡ. ಎರಡನೆಯವರು ಅತ್ತೆ. ನಿವೃತ್ತ ನರ್ಸು, ಹಳೆಯ ಪ್ರಾರ್ಥನೆ ಪುಸ್ತಕದ ಅಭಿಮಾನಿ, ಸೊಸೆ ಬಂದೊಡನೆ ಮೊಬೈಲನ್ನು ದಿಂಬಿನಡಿ ತಳ್ಳುವವರು. ಮೂರನೆಯವನು ಎದುರುಮನೆಯ ದರ್ಜಿ. ಚರ್ಚಿನ ಹಾಡಿನ ತಂಡದಲ್ಲಿದ್ದವನು, ಅವನ ಕಿಟಕಿ ಸಾಸಿವೆಯ ಬಾಗಿಲಿಗೆ ನೇರ. ಹಾದುಹೋಗುವವರನ್ನೆಲ್ಲ ಅಳತೆ ಟೇಪಿಲ್ಲದೆ ಅಳೆಯುವ ಕಣ್ಣು ಅವನದು.

ಉಪಾಯ ಸರಳವಾಗಿತ್ತು. ಒಬ್ಬೊಬ್ಬರ ಕಿವಿಗೆ ಒಂದೊಂದು ಕಟ್ಟುಕಥೆ. ಯಾವ ಕಥೆ ಉಪ್ಪಿನಕಂಬದ ಬ್ಲಾಗಿನಲ್ಲಿ ತಲೆ ಎತ್ತುತ್ತದೋ ಅದನ್ನು ಕೇಳಿದವರೇ ಕಳ್ಳರು. ಸುಳ್ಳು ಹೇಳುವುದು ತಪ್ಪಲ್ಲವೇ ಎಂದು ಮನಸ್ಸಾಕ್ಷಿ ಕೆಮ್ಮಿತು. ಇದು ಸುಳ್ಳಲ್ಲ, ಗಾಳ ಎಂದು ಸಾಸಿವೆ ಅದರ ಬಾಯಿ ಮುಚ್ಚಿಸಿದಳು.

ಅತ್ತೆಗೆ ಅಡುಗೆಮನೆಯಲ್ಲಿ ಗುಟ್ಟಾಗಿ ಹೇಳಿದ್ದು: ಬೀರುವಿನಲ್ಲಿ ಇಲಿಗಳು ಸಂಸಾರ ಹೂಡಿವೆ. ನೀನಿಡುವ ಬೀರುವಿನಲ್ಲಿ ಇಲಿಗೆ ತಿನ್ನಲು ಏನು ಸಿಕ್ಕೀತು ಎಂದು ಅತ್ತೆ ಕೇಳಿದರು. ಮೇಜಿನ ಕೆಳಗೆ ಮಗಳು ಗೊಂಬೆಗೆ ತಲೆ ಬಾಚುತ್ತಿದ್ದಳು.

ಗಂಡನಿಗೆ ಹೇಳಿದ್ದು: ಒಗೆದುಕೊಡಲೆಂದು ತಂದಿದ್ದ ಚರ್ಚಿನ ಮೇಜಿನ ಬಿಳಿ ಹೊದಿಕೆ ಇಸ್ತ್ರಿಪೆಟ್ಟಿಗೆಗೆ ಸುಟ್ಟುಹೋಯಿತು. ಪಾಸ್ಟರಿಗೆ ಹೇಳಿದೆಯಾ ಎಂದ ಅವನು. ಅವನ ಹೆಗಲ ಮೇಲೆ ಕೂತು ಮಗಳು ಅವನ ಕೂದಲಿಗೆ ಕ್ಲಿಪ್ಪು ಸಿಕ್ಕಿಸುತ್ತಿದ್ದಳು.

ದರ್ಜಿಗೆ ಹೇಳಿದ್ದು: ನಮ್ಮ ಯಜಮಾನರು ನಿದ್ದೆಯಲ್ಲಿ ಹಾಡುತ್ತಾರೆ. ಬಾಯಲ್ಲಿದ್ದ ಗುಂಡುಸೂಜಿಗಳ ನಡುವಿನಿಂದ ಅವನು ಕೇಳಿದ್ದು ಒಂದೇ ಪ್ರಶ್ನೆ: "ಶ್ರುತಿ ಸರಿ ಇರುತ್ತಾ ಅಕ್ಕ?" ಮಗಳು ಹೊಲಿಗೆ ಯಂತ್ರದಡಿ ಬಟ್ಟೆ ಚೂರು ಆಯುತ್ತಿದ್ದಳು.

ಪ್ರತಿ ಸಲವೂ ಸಾಸಿವೆ ಬಾಗಿಲು ನೋಡಿದಳು, ಕಿಟಕಿ ನೋಡಿದಳು, ಬಗ್ಗಿ ಮಾತ್ರ ನೋಡಲಿಲ್ಲ.

ಶನಿವಾರ ಬಂತು. ಉಪ್ಪಿನಕಂಬದ ಬ್ಲಾಗಿನಲ್ಲಿ ಇಲಿಯೂ ಇಲ್ಲ, ಇಸ್ತ್ರಿಯೂ ಇಲ್ಲ, ಹಾಡೂ ಇಲ್ಲ. ದಪ್ಪ ಅಕ್ಷರಗಳಲ್ಲಿ ಒಂದೇ ಸಾಲು: "ಮಕ್ಕಳಿಗೆ ಬಾಯಿಪಾಠ ಕಲಿಸಿರಿ, ಮನೆಯ ಮಾನ ಉಳಿದೀತು." ಸಾಸಿವೆ ಅದನ್ನು ಮತ್ತೆ ಮತ್ತೆ ಓದಿದಳು. ಇದು ಸೋಲೊಪ್ಪಿಗೆಯೋ, ಬೆದರಿಕೆಯೋ? ಅಂದು ಊಟದ ಹೊತ್ತಿಗೆ ಗಂಡ ಉಪ್ಪು ಕೊಡು ಎಂದರೂ ಅವಳಿಗೆ ಅನುಮಾನ.

ಭಾನುವಾರ ಚರ್ಚಿನಲ್ಲಿ ಹೊಸ ಪದ್ಧತಿಯೊಂದು ಶುರುವಾಗುವುದಿತ್ತು. ಅದೂ ಸಾಸಿವೆಯದೇ ಪ್ರತಾಪ. ಮಕ್ಕಳ ಸ್ವಂತ ಪ್ರಾರ್ಥನೆಯನ್ನು ಒಂದಕ್ಷರವೂ ತಿದ್ದದೆ ಇಡೀ ಸಭೆಗೆ ಕೇಳಿಸಬೇಕು ಎಂದು ಅವಳು ಬರೆದದ್ದನ್ನು ಪಾಸ್ಟರ್ ತಲೆಯ ಮೇಲೆ ಹೊತ್ತುಕೊಂಡಿದ್ದರು. ಬೆಳಿಗ್ಗೆ ಸಂಡೇ ಸ್ಕೂಲಿನಲ್ಲಿ ಮಕ್ಕಳು ಹೇಳಿದ್ದನ್ನು ಟೀಚರ್ ಆರಾಧನೆಯ ನಡುವೆ ಎದ್ದು ಹೇಳುವುದು.

ಸಂಡೇ ಸ್ಕೂಲ್ ಟೀಚರ್ ಎಂದರೆ ನಿವೃತ್ತ ಗಣಿತದ ಮೇಡಂ. ಬೆನ್ನು ನೆಟ್ಟಗೆ, ಮಾತು ತೂಕಕ್ಕೆ, ವಾಸ ಒಂಟಿ. ಯಾರ ಮನೆಯಲ್ಲೂ ಒಂದು ಲೋಟ ನೀರು ಕೇಳಿದವರಲ್ಲ. ಅವರು ಎದ್ದರು. ಕೈಯಲ್ಲಿ ಚೀಟಿಯಿತ್ತು, ಅದರತ್ತ ಒಮ್ಮೆಯೂ ನೋಡಲಿಲ್ಲ.

"ದೇವರೇ, ನಮ್ಮನೆ ಬೀರುವಿನ ಇಲಿಗಳಿಗೆ ಬೇರೆ ಮನೆ ಕೊಡು. ಅಮ್ಮ ನಿನ್ನ ಮೇಜಿನ ಬಟ್ಟೆ ಸುಟ್ಟುಬಿಟ್ಟಿದ್ದಾಳೆ, ಸಿಟ್ಟು ಬಂದ್ರೆ ಅಪ್ಪನ ಮೇಲೆ ತೋರಿಸು. ಅಪ್ಪ ನಿದ್ದೇಲಿ ಹಾಡ್ತಾನಂತೆ, ನನಗೂ ಎಚ್ಚರ ಆಗೋ ಹಾಗೆ ಮಾಡು. ಮತ್ತೆ, ಅಮ್ಮ ಬೆಳಿಗ್ಗೆ ಕಿರುಚೋದು ಬ್ಲಾಗಿನವರಿಗೆ ಕೇಳಿಸದೆ ಇರಲಿ. ಆಮೆನ್."

ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಸಭೆಯಲ್ಲಿ ಬ್ಲಾಗ್ ಇದ್ದ ಅಮ್ಮ ಒಬ್ಬಳೇ. ಬೆಂಚುಗಳೆಲ್ಲ ಒಟ್ಟಿಗೆ ತಿರುಗಿದವು. ಪಾಸ್ಟರ್ ಮೆಲ್ಲಗೆ ಮೇಜಿನ ಹೊದಿಕೆಯ ಅಂಚೆತ್ತಿ ಮುಂದೆ ನೋಡಿದರು, ಹಿಂದೆ ನೋಡಿದರು. ಕಲೆಯೊಂದೂ ಇಲ್ಲದ್ದನ್ನು ಕಂಡು ಇದೇ ಮೊದಲ ಪವಾಡವೇನೋ ಎಂಬಂತೆ ಕೈಮುಗಿದರು. "ನಾನು ಹಾಡ್ತೀನಾ?" ಎಂದ ಗಂಡ. "ಇಲಿ ಅಂದೆಯಲ್ಲ, ವಾರವಿಡೀ ಮಂಚದ ಮೇಲೆ ಕಾಲು ಮಡಚಿ ಕೂತಿದ್ದೆ" ಎಂದರು ಅತ್ತೆ. ಮಗಳು ಮಾತ್ರ ತನ್ನ ಪ್ರಾರ್ಥನೆ ದೇವರ ತನಕ ಹೋಗುವ ದಾರಿಯಲ್ಲಿ ಇಷ್ಟು ಜನರನ್ನು ಮುಟ್ಟಿತಲ್ಲ ಎಂದು ಬೀಗುತ್ತಿದ್ದಳು.

ಆರಾಧನೆ ಮುಗಿಯುತ್ತಲೇ ಸಹಾಯ ಹರಿದುಬಂತು. ಒಬ್ಬರು ಇಲಿಬೋನು ತಂದುಕೊಡುತ್ತೇನೆಂದರು, ಇನ್ನೊಬ್ಬರು ಬೆಕ್ಕನ್ನೇ ತರುತ್ತೇನೆಂದರು. ದರ್ಜಿ ಬಂದು ಗಂಡನ ಕೈಹಿಡಿದು, ಹಾಡಿನ ತಂಡದಲ್ಲಿ ಒಂದು ಜಾಗ ಖಾಲಿಯಿದೆ ಎಂದ. ಸಾಸಿವೆ ಸಂಡೇ ಸ್ಕೂಲಿನ ಕೋಣೆಗೆ ಓಡಿ, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮಂಡಿ ಗಲ್ಲಕ್ಕೆ ತಾಗಿಸಿ ಕೂತುಬಿಟ್ಟಳು. ತಾಯಂದಿರ ಕೂಟ ಪಕ್ಕದ ಹಾಲಿನಲ್ಲಿ ಸೇರುತ್ತಿತ್ತು. ಕುರ್ಚಿ ಎಳೆಯುವ ಸದ್ದು ಇಲ್ಲಿಯವರೆಗೆ ಕೇಳುತ್ತಿತ್ತು.

ಬಾಗಿಲಲ್ಲಿ ಟೀಚರ್ ನಿಂತಿದ್ದರು.

"ಬರೆದ ಪ್ರಾರ್ಥನೆ ಆಗಿದ್ರೆ ಇಲಿಗಳು ಚರ್ಚಿನವರೆಗೆ ಬರ್ತಿರಲಿಲ್ಲ" ಎಂದರು. "ಒಂದಕ್ಷರವೂ ತಿದ್ದಬಾರದು ಅಂತ ಬರೆದದ್ದು ನೀವೇ. ನಾನು ತಿದ್ದಲಿಲ್ಲ." ಹೋಗಲು ತಿರುಗಿದವರು ಬಾಗಿಲಲ್ಲೇ ನಿಂತು ಕತ್ತು ಹೊರಳಿಸಿದರು. "ಹಿಂದಿರುಗಿ ನೋಡಿದ್ದಕ್ಕೆ ಕ್ಷಮೆಯಿರಲಿ."

ಸಾಸಿವೆ ಏಳಲು ಹೋದಳು. ಕುರ್ಚಿಯೂ ಜೊತೆಗೇ ಎದ್ದಿತು.

"ಮೇಡಂ, ನೀವಾ?"

"ಚಡ್ಡಿ ವಿಷಯ ಅವಳು ದೇವರಿಗೆ ಹೇಳಿದ್ಲು. ಪಕ್ಕದಲ್ಲಿ ನಾನಿದ್ದೆ. ಅದನ್ನ ಬ್ಲಾಗಿಗೆ ಏರಿಸಿದ್ದು ನನ್ನ ತಪ್ಪೇ."

"ಈಗ ಆ ಹಾಲಿನಲ್ಲಿ ನಾನೇನು ಮಾತಾಡ್ಲಿ? ನನ್ನ ಮಾನ ಉಳಿದಿದ್ರೆ ತಾನೇ?"

ಟೀಚರ್ ಇನ್ನೊಂದು ಪುಟ್ಟ ಕುರ್ಚಿಯ ಅಂಚಿನಲ್ಲಿ ಕೂತರು. ಬಳಗದ ನಿಯಮದಂತೆ ಮೊದಲು ಸಾಸಿವೆಯ ವಾದವನ್ನು ಹೇಳಿದರು. ಸ್ವಂತ ಮಾತಿನಲ್ಲಿ ಪ್ರಾರ್ಥಿಸುವವರಿಗೆ ಮುಚ್ಚಿಡಲು ಏನೂ ಉಳಿಯುವುದಿಲ್ಲ, ಅದೇ ಅದರ ಬಲ, ಇದೇ ತಾನೇ ನೀವು ಹೇಳಿದ್ದು ಎಂದು ಕೇಳಿದರು. ತಾನು ಅಷ್ಟು ಚೆನ್ನಾಗಿ ಹೇಳಿರಲಿಲ್ಲ ಎಂದು ಸಾಸಿವೆಗೆ ಗೊತ್ತಿತ್ತು. ಹೌದು ಎಂದಳು.

"ಹಾಗಾದ್ರೆ ಹೋಗಿ ಮುಚ್ಚಿಡದೆ ಮಾತಾಡಿ. ನಾನು ಇದನ್ನ ಖಂಡಿಸಲ್ಲ."

ಸಾಸಿವೆ ಹೋದಳು. ಬರೆದು ತಂದಿದ್ದ ಭಾಷಣವನ್ನು ಮಡಿಸಿ ಕೈಚೀಲಕ್ಕೆ ಹಾಕಿ, "ಇವತ್ತು ಬೆಳಿಗ್ಗೆ ಸಾಕ್ಸಿಗಾಗಿ ನಾನು ಕಿರುಚಿದ್ದು ಎದುರುಮನೆಗೂ ಕೇಳಿಸಿದೆ" ಎಂದು ಶುರುಮಾಡಿದಳು. ಹಾಲಿನ ಮೂಲೆಯಿಂದ ಯಾರೋ, ನಮ್ಮಲ್ಲಿ ಟಿಫಿನ್ ಡಬ್ಬಿಗಾಗಿ ಎಂದರು. ಇನ್ನೊಬ್ಬರು ಹೋಮ್‌ವರ್ಕ್ ಎಂದರು. ಗದ್ದಲವಿಲ್ಲದ ಮನೆಯ ಮೇಲಿನ ಭಾಷಣಕ್ಕೆ ಅಷ್ಟು ಗದ್ದಲ ಆ ಹಾಲಿನಲ್ಲಿ ಹಿಂದೆಂದೂ ಆಗಿರಲಿಲ್ಲ.

ಹೊರಗೆ ಗೇಟಿನ ಬಳಿ ಟೀಚರ್ ಕಾಯುತ್ತಿದ್ದರು. ಸಾಸಿವೆ ಹತ್ತಿರ ಬಂದು ಮಾತಾಡಿಸಿದ ಮೇಲಷ್ಟೇ ಅವರಿಗೆ ಗುರುತು ಸಿಕ್ಕಿತು. ಆ ದಪ್ಪ ದಪ್ಪ ಅಕ್ಷರಗಳು, ನೋಡದೆ ಹಿಡಿದಿದ್ದ ಚೀಟಿ, ಎಲ್ಲ ಆಗ ಅವಳಿಗೆ ಒಟ್ಟಿಗೆ ಅರ್ಥವಾದವು. ವಾರವಿಡೀ ಎಲ್ಲರನ್ನೂ ಅನುಮಾನಿಸಿದವಳಿಗೆ ಇದೊಂದು ಹೊಳೆದಿರಲಿಲ್ಲ.

"ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು" ಎಂದರು ಟೀಚರ್, ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿಕೊಂಡು. "ಮುಂದಿನ ವಾರ ನನ್ನ ಕಣ್ಣಿನ ಆಪರೇಷನ್. ಯಾರಿಗೂ ಹೇಳಿಲ್ಲ. ನನ್ನ ಪುಸ್ತಕದಲ್ಲಿ ಅದಕ್ಕೆ ಪ್ರಾರ್ಥನೆ ಇದೆ, ಓದೋಕೆ ಕಾಣಿಸ್ತಿಲ್ಲ. ಜೊತೆಗೆ ಬನ್ನಿ ಅಂತ ಕೇಳೋದು ನನಗೆ ರೂಢಿಯಿಲ್ಲ."

ಗೇಟಿನ ಸರಳಿಗೆ ಜೋತುಬಿದ್ದು ಆಡುತ್ತಿದ್ದ ಮಗುವಿನತ್ತ ಒಮ್ಮೆ ಕಣ್ಣು ಕಿರಿದಾಗಿಸಿ ನೋಡಿ, ದನಿ ತಗ್ಗಿಸಿದರು.

"ಇವಳ ಕಿವಿಗೆ ಬೀಳೋ ಹಾಗೆ, ಮನೇಲಿ ಈ ವಿಷಯ ಸ್ವಲ್ಪ ಗಟ್ಟಿಯಾಗಿ ಮಾತಾಡ್ತೀರಾ?"